ನೋವು ಹೆಚ್ಚಿಸದೆ ಸಿಸ್ಟೋಸ್ಕೋಪಿ: ನನ್ನ ಅನುಭವ

ಮೂತ್ರನಾಳದ ಮೂಲಕ ಕ್ಯಾಮೆರಾ ಇರುವ ತೆಳು ಕೊಳವೆ ಹಾಯಿಸಿ ಮೂತ್ರಕೋಶದ ಒಳಗನ್ನು ನೋಡುವ ಪರೀಕ್ಷೆಯೇ ಸಿಸ್ಟೋಸ್ಕೋಪಿ. ಆ ಕೊಳವೆಯ, ಅಂದರೆ ಬಾಗುವ ಸಿಸ್ಟೋಸ್ಕೋಪಿನ ದಪ್ಪ ಸುಮಾರು 16 ಫ್ರೆಂಚ್ (ಇಂಥ ಕೊಳವೆಗಳ ದಪ್ಪದ ಅಳತೆ), ಅಂದರೆ 5 ಮಿಲಿಮೀಟರಿಗಿಂತ ತುಸು ಹೆಚ್ಚು. ಗಂಡಸರಲ್ಲಿ ಅದು ಮೂತ್ರನಾಳದುದ್ದಕ್ಕೂ ಒಂದೇ ಸಮನೆ ನೋಯಿಸುವುದಿಲ್ಲ. ಪ್ರೊಸ್ಟೇಟ್ ಗ್ರಂಥಿಗೆ ಸ್ವಲ್ಪ ಮುಂಚೆ, ಮೂತ್ರ ತಡೆಹಿಡಿಯುವ ಸ್ನಾಯು ದಾಟುವಾಗ ಕೆಲವೇ ಕ್ಷಣ ಜೋರಾಗಿ ನೋಯುತ್ತದೆ. ನನ್ನ ತಯಾರಿಯೆಲ್ಲ ಆ ಕ್ಷಣಗಳಿಗಾಗಿ.

ಮೊದಲು ಮೂತ್ರಪರೀಕ್ಷೆ. ಸೋಂಕಿದ್ದರೆ ಆ ದಿನ ಮುಂದೂಡುತ್ತೇನೆ. ಉರಿಯುವ ನಾಳದಲ್ಲಿ ನೋವೂ ಹೆಚ್ಚು, ಸೋಂಕು ರಕ್ತಕ್ಕೇರುವ ಅಪಾಯವೂ ಇದೆ. ಮರಗಟ್ಟಿಸುವ ಔಷಧ ಲಿಗ್ನೋಕೇನ್‌ಗೆ ಅಲರ್ಜಿ ಇದೆಯೇ ಎಂದೂ ಕೇಳಿಕೊಳ್ಳುತ್ತೇನೆ.

2% ಲಿಗ್ನೋಕೇನ್ ಜೆಲ್ಲಿ 10 ಮಿಲಿಲೀಟರ್ ಹಾಕುತ್ತೇನೆ. ಅದರಲ್ಲಿ 200 ಮಿಲಿಗ್ರಾಂ ಔಷಧವಿರುತ್ತದೆ. ನಾಳಕ್ಕೆ ಗಾಯವಾಗಿ ರಕ್ತ ಬರುತ್ತಿದ್ದರೆ ಮತ್ತೆ ಮತ್ತೆ ಹಾಕಬಾರದು, ಔಷಧ ಬೇಗ ರಕ್ತಕ್ಕೆ ಸೇರುತ್ತದೆ. ಸಿರಿಂಜನ್ನು ಅವಸರದಲ್ಲಿ ಒತ್ತಿದರೆ ನಾಳ ಹಿಗ್ಗಿ ಉರಿಯುತ್ತದೆ. ಆ ಮೊದಲ ಉರಿಗೇ ರೋಗಿ ಮೈ ಬಿಗಿ ಹಿಡಿದರೆ ಮುಂದಿನದೆಲ್ಲ ಕಷ್ಟ. ನಿಧಾನವಾಗಿ ಹಾಕಿ, ಜೆಲ್ಲಿ ಹೊರಬರದಂತೆ ತುದಿಯನ್ನು ಮೆದುವಾಗಿ ಹಿಡಿದು, 10 ನಿಮಿಷ ಕಾಯಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ರೋಗಿಗಳ ಸಾಲು ಉದ್ದವಿದ್ದ ದಿನ ಎರಡೇ ನಿಮಿಷಕ್ಕೆ ಸ್ಕೋಪ್ ಹಾಕಿದರೆ ಜೆಲ್ಲಿ ಬರೀ ಜಾರಿಸುತ್ತದೆ, ಮರಗಟ್ಟಿಸುವುದಿಲ್ಲ. ಒಬ್ಬರ ಪರೀಕ್ಷೆ ನಡೆಯುವಾಗಲೇ ಮುಂದಿನವರಿಗೆ ಮರೆಯಲ್ಲಿ ಜೆಲ್ಲಿ ಹಾಕಿಸಿಟ್ಟರೆ ಸಮಯ ಹೊಂದುತ್ತದೆ.

ಸ್ಕೋಪಿನ ಮೂಲಕ ಹರಿಸುವ ಸಲೈನ್ (ಉಪ್ಪುನೀರು) ಮೈಬಿಸಿಯಷ್ಟಿರಲಿ. ಶಿಶ್ನವನ್ನು ನೆಟ್ಟಗೆ ಮೇಲೆತ್ತಿ ಹಿಡಿದು, ನಾಳದ ನಡುವೆಯೇ ನೋಡುತ್ತ ಸಾಗಬೇಕು. ಸ್ನಾಯು ಮುಚ್ಚಿಕೊಂಡದ್ದು ಕಂಡರೆ ನಿಲ್ಲಿಸುತ್ತೇನೆ. "ಉಸಿರು ಬಿಡಿ, ಮೂತ್ರ ಮಾಡುವ ಹಾಗೆ ಸಡಿಲ ಬಿಡಿ, ಕಾಲ್ಬೆರಳು ಅಲ್ಲಾಡಿಸಿ" ಎನ್ನುತ್ತೇನೆ. ಅದೇ ಹೊತ್ತಿಗೆ ಸಿಸ್ಟರ್ ಸಲೈನ್ ಚೀಲವನ್ನು ಹಿಂಡುತ್ತಾರೆ. ನೀರಿನ ಒತ್ತಡಕ್ಕೆ ದಾರಿ ತೆರೆದುಕೊಂಡು ಸ್ಕೋಪ್ ತಾನಾಗಿ ಜಾರುತ್ತದೆ. ದಾಟಿದ ಕೂಡಲೇ ಹಿಂಡುವುದನ್ನು ಬಿಡಬೇಕು. ಖರ್ಚಿಲ್ಲದ ಈ ಉಪಾಯದಷ್ಟು ಉಪಕಾರ ಬೇರಾವುದರಿಂದಲೂ ನನಗಾಗಿಲ್ಲ. ಬದಲಿಗೆ ಬಲವಂತವಾಗಿ ತಳ್ಳಿದರೆ ಸ್ನಾಯು ಇನ್ನಷ್ಟು ಬಿಗಿಯುತ್ತದೆ, ರಕ್ತ ಬಂದು ನೋಟವೂ ಮಸುಕಾಗುತ್ತದೆ.

"ಏನೂ ನೋಯುವುದಿಲ್ಲ" ಎಂದು ಎಂದೂ ಹೇಳಬಾರದು, ನಂಬಿಕೆ ಹೋಗುತ್ತದೆ. "ಈಗ ಮೂತ್ರ ಬಂದ ಹಾಗೆ ಅನ್ನಿಸುತ್ತೆ, ಕೆಲವು ಸೆಕೆಂಡು ಅಷ್ಟೇ" ಎಂದರೆ ಸಾಕು. ಪರದೆ ನೋಡಲು ಇಷ್ಟಪಡುವವರಿಗೆ ಅದನ್ನು ಅವರತ್ತ ತಿರುಗಿಸುತ್ತೇನೆ.

ಮೂತ್ರಕೋಶಕ್ಕೆ 200ರಿಂದ 250 ಮಿಲಿಲೀಟರ್ ತುಂಬಿದರೆ ಸಾಮಾನ್ಯವಾಗಿ ಗೋಡೆಯೆಲ್ಲ ಕಾಣುತ್ತದೆ. ರೋಗಿ ಮೂತ್ರಕ್ಕೆ ಅವಸರವಾಗುತ್ತಿದೆ ಎಂದರೆ ಸ್ವಲ್ಪ ನೀರು ತೆಗೆದು ಮುಂದುವರಿಯಬೇಕು. ಸ್ಕೋಪನ್ನು ಹಿಂದಕ್ಕೆ ಬಾಗಿಸಿ ಕೋಶದ ಕುತ್ತಿಗೆ ನೋಡುವುದು ಕೊನೆಗೆ.

ಹೆಂಗಸರ ನಾಳ ಸುಮಾರು 4 ಸೆಂಟಿಮೀಟರ್ ಮಾತ್ರ. ಅಲ್ಲಿ ಮುಜುಗರವೇ ದೊಡ್ಡ ಕಷ್ಟ: ಹೊದಿಕೆ, ಮುಚ್ಚಿದ ಬಾಗಿಲು, ಪಕ್ಕದಲ್ಲೊಬ್ಬ ಮಹಿಳಾ ಸಿಬ್ಬಂದಿ ಇರಲೇಬೇಕು.

ಒಂದೆರಡು ದಿನ ಉರಿ, ತಿಳಿಗೆಂಪು ಮೂತ್ರ ಸಹಜ. ನೀರು, ಬೇಕಿದ್ದರೆ ಪ್ಯಾರಸಿಟಮಾಲ್ ಸಾಕು. ಚಳಿಜ್ವರ, ಮೂತ್ರದಲ್ಲಿ ರಕ್ತದ ಹೆಪ್ಪು, ಮೂತ್ರ ಕಟ್ಟುವುದು, ಈ ಮೂರರಲ್ಲಿ ಯಾವುದಾದರೂ ಆದರೆ ತಕ್ಷಣ ಬರಬೇಕೆಂದು ಚೀಟಿಯಲ್ಲೇ ಬರೆದು ಕೊಡುತ್ತೇನೆ.