ಹೊರಾಂಗಣ ಊಟದ ಚಾವಣಿಗೆ ಡ್ರೈ ಸೈಡ್‌ವಾಲ್ ಸ್ಪ್ರಿಂಕ್ಲರ್: ನನ್ನ ಅನುಭವ

ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುವ ಕಡೆ, ರೆಸ್ಟೋರೆಂಟಿನ ಹೊರಗಿನ ಚಾವಣಿಯಡಿ ಮೇಜು ಕುರ್ಚಿ ಹಾಕಿದ ಜಾಗಕ್ಕೆ ಬೆಂಕಿ ಆರಿಸಲು ಡ್ರೈ ಪೈಪ್ ವ್ಯವಸ್ಥೆಯನ್ನೇ (ಪೈಪಿನಲ್ಲಿ ಗಾಳಿ ತುಂಬಿದ್ದು, ಸ್ಪ್ರಿಂಕ್ಲರ್ ತೆರೆದಾಗ ಮಾತ್ರ ನೀರು ಬರುವಂಥದು) ಕೂರಿಸಬೇಕು, ಬೇರೆ ದಾರಿಯಿಲ್ಲ ಎಂಬ ಮಾತನ್ನು ನಾನು ಈ ವೃತ್ತಿಗೆ ಬಂದಾಗಿನಿಂದಲೂ ಕೇಳುತ್ತಿದ್ದೇನೆ. ಒಳಗಿನ ವೆಟ್ ಪೈಪಿನಿಂದಲೇ (ಸದಾ ನೀರು ತುಂಬಿರುವ ಪೈಪು) ಗೋಡೆಯ ಮೂಲಕ ಡ್ರೈ ಸೈಡ್‌ವಾಲ್ ಹೆಡ್‌ಗಳನ್ನು (ಗೋಡೆಯಿಂದ ಅಡ್ಡಕ್ಕೆ ನೀರು ಚೆಲ್ಲುವ, ತೆರೆಯುವವರೆಗೆ ಕೊಳವೆ ಒಣಗಿಯೇ ಇರುವ ಸ್ಪ್ರಿಂಕ್ಲರ್ ತಲೆಗಳು) ಹೊರಕ್ಕೆ ತರುತ್ತೇನೆ ಎಂದು ನಾನು ಹೇಳಿದಾಗ, ಮೊದಲ ಚಳಿಗಾಲದಲ್ಲೇ ಅವು ಒಡೆಯುತ್ತವೆ ಎಂದು ಜೊತೆಯ ಗುತ್ತಿಗೆದಾರರೂ ಸಲಹೆಗಾರರೂ ಒಟ್ಟಾಗಿ ಹೇಳಿದರು. ಈಗ ಚಳಿಗಾಲಗಳು ಕಳೆದಿವೆ, ಒಂದು ಹೆಡ್ಡೂ ಸೋರಿಲ್ಲ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಜಾಗ ಸುಮಾರು 22 ಮೀಟರ್ ಉದ್ದ, 4 ಮೀಟರ್ ಅಗಲ. ಕಟ್ಟಡದ ಗೋಡೆಗೆ ಅಂಟಿಕೊಂಡ, ಹೊರಕ್ಕೆ ಇಳಿಜಾರಾಗಿರುವ ಲೋಹದ ಚಾವಣಿ. ಎನ್‌ಎಫ್‌ಪಿಎ 13ರ (ಸ್ಪ್ರಿಂಕ್ಲರ್ ಅಳವಡಿಕೆಯ ಅಮೆರಿಕದ ಮಾನದಂಡ) ಪ್ರಕಾರ 1.2 ಮೀಟರಿಗಿಂತ ಅಗಲವಾದ ಹೊರಚಾವಣಿಯ ಕೆಳಗೆ ಸ್ಪ್ರಿಂಕ್ಲರ್ ಬೇಕು. ಚಾವಣಿಯ ರಚನೆ ಬೆಂಕಿಗೆ ಉರಿಯದ ವಸ್ತುವಿನದಾಗಿದ್ದರೆ ಬಿಡಬಹುದು. ಮಾಲೀಕರು ಈ ವಿನಾಯಿತಿಯನ್ನೇ ಹಿಡಿದುಕೊಂಡಿದ್ದರು. ಆದರೆ ಅವರೇ ಚಳಿಗಾಲಕ್ಕೆಂದು ಮೂರೂ ಬದಿಗೆ ಸುತ್ತಿ ಇಳಿಸುವ ಪಾರದರ್ಶಕ ಪರದೆಗಳನ್ನೂ ಮೆತ್ತೆಯ ಆಸನಗಳನ್ನೂ ಹೀಟರುಗಳನ್ನೂ ಯೋಜಿಸಿದ್ದರು. ಪರದೆ ಇಳಿಸಿದ ಮೇಲೆ ಅದು ಹೊರಚಾವಣಿಯಲ್ಲ, ಕೋಣೆ. ಉರಿಯುವ ಸಾಮಗ್ರಿ ತುಂಬಿದ ಕೋಣೆಗೆ ಆ ವಿನಾಯಿತಿ ಸಲ್ಲದು ಎಂದು ಪರಿಶೀಲಕರು ಹೇಳಿದರು. ಅವರ ಮಾತು ಸರಿಯೆಂದೇ ನನ್ನ ಅಭಿಪ್ರಾಯ.

ಒಳಗೆ ಸ್ಪ್ರಿಂಕ್ಲರ್ ಇಲ್ಲದ ರೆಸ್ಟೋರೆಂಟುಗಳಿಗೆ ಇನ್ನೊಂದು ಕಡೆಯಿಂದ ಪೆಟ್ಟು ಬೀಳುತ್ತದೆ. ಇಂಟರ್‌ನ್ಯಾಷನಲ್ ಬಿಲ್ಡಿಂಗ್ ಕೋಡ್ (ಕಟ್ಟಡಗಳ ಮಾದರಿ ನಿಯಮಾವಳಿ) ಜಾರಿಯಲ್ಲಿರುವ ಕಡೆ, ಗೋಡೆಯಿಲ್ಲದ ಜಾಗವೂ ಮಾಡಿನ ನೆರಳಿನೊಳಗಿದ್ದರೆ ಫೈರ್ ಏರಿಯಾದ (ಬೆಂಕಿ ತಡೆಯುವ ಗೋಡೆಗಳ ನಡುವಿನ ಒಟ್ಟು ಜಾಗ) ಲೆಕ್ಕಕ್ಕೆ ಸೇರುತ್ತದೆ. ಮೇಜು ಕುರ್ಚಿಯ ಜಾಗಕ್ಕೆ ತಲೆಗೆ 1.4 ಚದರ ಮೀಟರಿನಂತೆ 88 ಚದರ ಮೀಟರಿಗೆ 63 ಜನ. ಒಳಗೆ ಐವತ್ತು ಜನರಿದ್ದರೂ ಸಾಕು, ನೂರರ ಗಡಿ ದಾಟಿ ಇಡೀ ರೆಸ್ಟೋರೆಂಟಿಗೇ ವ್ಯವಸ್ಥೆ ಕಡ್ಡಾಯವಾಗುತ್ತದೆ. ಚಾವಣಿಯ ನಕ್ಷೆ ಬರೆಯುವ ಮೊದಲೇ ಮಾಲೀಕರಿಗೆ ಈ ಲೆಕ್ಕವನ್ನು ತೋರಿಸಬೇಕು. ನನ್ನ ಕೆಲಸದಲ್ಲಿ ಕಟ್ಟಡಕ್ಕೆ ಆಗಲೇ ವೆಟ್ ವ್ಯವಸ್ಥೆ ಇತ್ತು, ಮತ್ತು ಅದರ ಒಂದು ಪೈಪು ಮುಂಗೋಡೆಯ ಒಳಬದಿಯಲ್ಲೇ ಹಾದುಹೋಗಿತ್ತು. ನನ್ನ ಯೋಚನೆ ಹುಟ್ಟಿದ್ದು ಅಲ್ಲಿಂದ.

ಮೊದಲು ಬಂದಿದ್ದ ಡ್ರೈ ಪೈಪ್ ಯೋಜನೆ ನನ್ನ ಅಂತಿಮ ಖರ್ಚಿನ ಹೆಚ್ಚುಕಡಿಮೆ ಎರಡೂವರೆ ಪಟ್ಟಿನದು. ವಾಲ್ವಿಗೆ ಬೆಚ್ಚಗಿನ ಕೋಣೆ, ಕಂಪ್ರೆಸರ್, ತಗ್ಗಿನಲ್ಲಿ ಡ್ರೈನ್. ಮೀಟರಿಗೆ 4 ಮಿಲಿಮೀಟರ್ ಇಳಿಜಾರಿನಂತೆ 22 ಮೀಟರಿಗೆ ಸುಮಾರು 9 ಸೆಂಟಿಮೀಟರ್ ಎತ್ತರ ಅದರಲ್ಲೇ ಹೋಗುತ್ತಿತ್ತು. ಡಿಸೈನ್ ಏರಿಯಾವನ್ನು (ಒಟ್ಟಿಗೆ ನೀರು ಚೆಲ್ಲಬೇಕೆಂದು ಲೆಕ್ಕ ಹಿಡಿಯುವ ಜಾಗ) ಶೇಕಡಾ 30ರಷ್ಟು ಹಿಗ್ಗಿಸಬೇಕು, ಸಿ ಫ್ಯಾಕ್ಟರ್ (ಪೈಪಿನ ಒಳಮೈ ನುಣುಪಿನ ಅಂಕ) 120ರ ಬದಲು 100 ಹಿಡಿಯಬೇಕು; ಪೈಪಿನ ಗಾತ್ರ ಏರಲು ಇವೆರಡೇ ಸಾಕು. ಆಂಟಿಫ್ರೀಜ್ ಲೂಪ್ (ಚಳಿಗೆ ಹೆಪ್ಪುಗಟ್ಟದ ದ್ರಾವಣ ತುಂಬಿದ ಪೈಪು) ಹಾಕಿ ಎಂದವರೂ ಇದ್ದರು. ಲಿಸ್ಟಿಂಗ್ (ಪರೀಕ್ಷೆಯ ನಂತರದ ಮಾನ್ಯತೆ) ಪಡೆದ ದ್ರಾವಣವನ್ನು ಬಿಟ್ಟು ಬೇರೆಯದನ್ನು ಹೊಸದಾಗಿ ಹಾಕುವಂತಿಲ್ಲ, ಹಳೆಯ ವ್ಯವಸ್ಥೆಗಳಿಗೂ 2022ರ ಸೆಪ್ಟೆಂಬರಿಗೆ ಆ ಗಡುವು ಮುಗಿದಿದೆ. ಆ ದ್ರಾವಣದ ಬೆಲೆಯನ್ನೂ ವರ್ಷವರ್ಷದ ಪರೀಕ್ಷೆಯನ್ನೂ ಕೂಡಿಸಿ ನೋಡಿ ಮಾಲೀಕರೇ ಅದನ್ನು ಕೈಬಿಟ್ಟರು.

ಸೈಡ್‌ವಾಲ್ ಇಲ್ಲಿ ಹೊಂದಿಕೊಳ್ಳಲು ಕಾರಣಗಳಿವೆ. ಊಟದ ಜಾಗ ಲೈಟ್ ಹಜಾರ್ಡ್, ಅಂದರೆ ಬೆಂಕಿಯ ಅಪಾಯ ಕಡಿಮೆಯಿರುವ ವರ್ಗ. ಸಾಮಾನ್ಯ ಸೈಡ್‌ವಾಲ್ ಹೆಡ್ 4.3 ಮೀಟರ್ ದೂರದವರೆಗೆ ಕಾಯುತ್ತದೆ, ನಮ್ಮ ಅಗಲ 4. ಇಳಿಜಾರು ಹೆಚ್ಚಿದ್ದಾಗ ಹೆಡ್ ಎತ್ತರದ ತುದಿಯಲ್ಲಿದ್ದು ಇಳಿಜಾರಿನ ದಿಕ್ಕಿಗೇ ನೀರು ಚೆಲ್ಲಬೇಕು. ನಮ್ಮ ಗೋಡೆಯೇ ಎತ್ತರದ ತುದಿ. ನಡುವೆ ಒಳಾಂಗಣ ವಿನ್ಯಾಸದವರು ಚಾವಣಿಯ ಕೆಳಗೆ ಮರದ ಹಲಗೆ ಹೊದಿಸಲು ಹೊರಟಿದ್ದರು. ಉರಿಯುವ ಹೊದಿಕೆಯಾದರೆ ಅಗಲದ ಮಿತಿ 3.7 ಮೀಟರಿಗೆ ಇಳಿಯುತ್ತದೆ, ಆಗ ಇಡೀ ಲೆಕ್ಕವೇ ಮುರಿಯುತ್ತದೆ. ಎರಡು ವಾರದ ಚರ್ಚೆಯ ನಂತರ ಸಪಾಟಾದ ಲೋಹದ ಹಲಗೆಗೆ ಅವರು ಒಪ್ಪಿದರು.

ಆರು ಹೆಡ್‌ಗಳು, ಒಂದರಿಂದ ಒಂದಕ್ಕೆ ಸುಮಾರು 3.7 ಮೀಟರ್. ಡ್ರೈ ಹೆಡ್ ಒಂದರ ಬೆಲೆ ಸಾಮಾನ್ಯ ಹೆಡ್‌ನ ಹತ್ತು ಪಟ್ಟಿಗೆ ಹತ್ತಿರ, ಆದರೆ ಬೇಕಾದದ್ದು ಆರೇ. ನಿಜವಾದ ಖರ್ಚು ಅಳತೆಯಲ್ಲಿದೆ. ಈ ಹೆಡ್‌ಗಳು ಕಾರ್ಖಾನೆಯಲ್ಲೇ ಉದ್ದಕ್ಕೆ ತಕ್ಕಂತೆ ತಯಾರಾಗಿ ಬರುತ್ತವೆ, ಸ್ಥಳದಲ್ಲಿ ಕತ್ತರಿಸುವಂತಿಲ್ಲ, ಕಾಯುವ ಅವಧಿ ವಾರಗಟ್ಟಲೆ. ನಾವು ಆರ್ಡರ್ ಕೊಟ್ಟ ಮೇಲೆ ಹೊರಗೋಡೆಯ ಕೆಲಸದವರು ಒಂದು ಭಾಗದಲ್ಲಿ ಇನ್ಸುಲೇಷನ್ನನ್ನು ಎರಡು ಸೆಂಟಿಮೀಟರಿಗೂ ಹೆಚ್ಚು ದಪ್ಪ ಮಾಡಿದರು. ಅಲ್ಲಿಯ ಎರಡು ಹೆಡ್‌ಗಳು ಗಿಡ್ಡವಾಗಿ ಕೆಲಸಕ್ಕೆ ಬಾರದೆ ಹೋದವು, ಉದ್ಘಾಟನೆಯೂ ಮುಂದಕ್ಕೆ ಹೋಯಿತು. ಅಂದಿನಿಂದ ಗೋಡೆಯ ಕೊನೆಯ ಹೊದಿಕೆ ಮುಗಿದು, ಪ್ರತಿ ತೂತನ್ನೂ ಬೇರೆಬೇರೆಯಾಗಿ ಅಳೆದು, ಆ ಅಳತೆಗೆ ಹೊರಗೋಡೆಯವರ ಸಹಿ ಪಡೆಯದೆ ನಾನು ಆರ್ಡರ್ ಕೊಡುವುದಿಲ್ಲ.

ಆ ಎರಡು ಗಿಡ್ಡ ಹೆಡ್‌ಗಳನ್ನು ನಾನು ಎಸೆಯಲಿಲ್ಲ. ನೆಲದ ಕೆಲಸ ಮುಗಿಯುವ ಮುನ್ನ ಒಂದನ್ನು ತಾತ್ಕಾಲಿಕವಾಗಿ ಕೂರಿಸಿ, ಬಿಸಿಗೆ ಒಡೆದು ನೀರು ಬಿಡುವ ಅದರ ಗಾಜಿನ ಬಲ್ಬನ್ನು ಒಡೆದು, ಕೆಳಗೆ ಸಾಲಾಗಿ ತಟ್ಟೆಗಳನ್ನಿಟ್ಟು ನೀರು ಎಲ್ಲಿಯವರೆಗೆ ಬೀಳುತ್ತದೆಂದು ನೋಡಿದೆ. ಗಾಳಿಯಿಲ್ಲದಾಗ ಹೊರ ಅಂಚಿನವರೆಗೂ ಚೆನ್ನಾಗಿ ಬಿತ್ತು. ಎದುರುಗಾಳಿ ಬೀಸಿದಾಗ ಕೊನೆಯ ಅರ್ಧ ಮೀಟರಿನ ತಟ್ಟೆಗಳಲ್ಲಿ ಬಹಳ ಕಡಿಮೆ ನೀರಿತ್ತು. ಲೆಕ್ಕದ ಪ್ರಕಾರ ಒಂದು ಹೆಡ್‌ಗೆ ನಿಮಿಷಕ್ಕೆ 60 ಲೀಟರ್ ಸಾಕು, ಕೆ 80ರ (ನೀರು ಹರಿಸುವ ಸಾಮರ್ಥ್ಯದ ಅಂಕ) ಹೆಡ್‌ಗೆ ಅರ್ಧ ಬಾರ್ (ಒತ್ತಡದ ಅಳತೆಮಾನ) ಮೀರಿದ ತುಸು ಹೆಚ್ಚು ಒತ್ತಡ. ನಾನು 1.2 ಬಾರ್ ಒತ್ತಡ ಸಿಗುವಂತೆ ಪೈಪನ್ನು ಒಂದು ಗಾತ್ರ ದೊಡ್ಡದು ಮಾಡಿದೆ. ನಿಮಿಷಕ್ಕೆ 88 ಲೀಟರ್ ಆಯಿತು. ಇದಕ್ಕೆ ತಗುಲಿದ ಹೆಚ್ಚುವರಿ ಹಣ ಒಟ್ಟು ಖರ್ಚಿನಲ್ಲಿ ನೂರಕ್ಕೆ ನಾಲ್ಕೋ ಐದೋ ಪಾಲು. ಬಯಲಿಗೆ ತೆರೆದ ಜಾಗದಲ್ಲಿ ಕನಿಷ್ಠ ಒತ್ತಡಕ್ಕೆ ವಿನ್ಯಾಸ ಮಾಡುವುದನ್ನು ನಾನು ಒಪ್ಪುವುದಿಲ್ಲ.

ಹೆಪ್ಪುಗಟ್ಟುವ ವಿಷಯದಲ್ಲಿ ಗಮನಿಸಬೇಕಾದವು ಎರಡು. ಒಳಗಿನ ಟೀ (ಮೂರು ಬಾಯಿಯ ಪೈಪು ಜೋಡಣೆ) ಇರುವ ಜಾಗ ಎಂದೂ 4 ಡಿಗ್ರಿಗಿಂತ ಕೆಳಗಿಳಿಯಬಾರದು, ಮತ್ತು ಹೆಡ್‌ನ ಕೊಳವೆಯ ಸಾಕಷ್ಟು ಭಾಗ ಆ ಬೆಚ್ಚಗಿನ ಗಾಳಿಯಲ್ಲಿರಬೇಕು; ಹೊರಗೆ ಮೈನಸ್ 18, ಒಳಗೆ ಬರೀ 4 ಡಿಗ್ರಿ ಎಂದು ಹಿಡಿದರೆ ತಯಾರಕರ ಕೋಷ್ಟಕದಲ್ಲಿ ಸುಮಾರು 30 ಸೆಂಟಿಮೀಟರ್ ಬರುತ್ತದೆ. ಹೆಡ್ಡನ್ನು ಟೀಯೊಳಗೇ ತಿರುಗಿಸಿ ಕೂರಿಸಬೇಕು, ಎಲ್ಬೋಗೆ (ಬಾಗಿದ ಜೋಡಣೆಗೆ) ಅಲ್ಲ. ಎರಡನೆಯದು ಗೋಡೆಯ ತೂತು. ಬೇರೆ ಕಡೆ ಒಡೆದ ಡ್ರೈ ಹೆಡ್‌ಗಳನ್ನು ನಾನು ಬಿಚ್ಚಿ ನೋಡಿದ್ದೇನೆ. ಒಳಗಿನ ತೇವದ ಬಿಸಿಗಾಳಿ ಕೊಳವೆಯ ಸುತ್ತಲಿನ ಸಂದಿನಿಂದ ಹೊರಕ್ಕೆ ನುಸುಳಿ, ಹೆಡ್‌ನ ಮೇಲೆ ನೀರಾಗಿ, ಮಂಜುಗಡ್ಡೆಯಾಗಿ ಅದನ್ನು ಹಾಳುಮಾಡಿರುತ್ತದೆ. ಆ ಸಂದನ್ನು ಎರಡು ಪದರದಲ್ಲಿ ಮುಚ್ಚುತ್ತೇನೆ ಎಂದಷ್ಟೇ ಇಲ್ಲಿ ಹೇಳುತ್ತೇನೆ. ಯಾವ ವಸ್ತು, ಯಾವ ಕ್ರಮ ಎಂಬುದು ನನ್ನ ತಂಡದೊಳಗೇ ಇರಲಿ.

ಹೀಟರುಗಳ ಬಗ್ಗೆಯೂ ಒಂದು ಸಂಜೆ ಪ್ರಯೋಗ ಮಾಡಿದೆ. ಪರದೆ ಇಳಿಸಿ, ಎಲ್ಲ ಹೀಟರುಗಳನ್ನು ಹಚ್ಚಿ, ಚಾವಣಿಗೆ ಥರ್ಮೋಕಪಲ್ (ಉಷ್ಣತೆ ಅಳೆಯುವ ತಂತಿ) ಅಂಟಿಸಿದಾಗ ಹೆಡ್‌ಗಳ ಬಳಿ 50 ಡಿಗ್ರಿಯ ಆಸುಪಾಸು ಕಂಡಿತು. ಕೆಂಪು ಬಲ್ಬಿನ 68 ಡಿಗ್ರಿ ಹೆಡ್ ಇರುವ ಚಾವಣಿಯ ಉಷ್ಣತೆ 38 ಡಿಗ್ರಿ ಮೀರಬಾರದು. ಆದ್ದರಿಂದ ಆರೂ ಹೆಡ್‌ಗಳನ್ನು ಹಸಿರು ಬಲ್ಬಿನ 93 ಡಿಗ್ರಿಯವನ್ನೇ ತರಿಸಿದೆ, ಅವು 66 ಡಿಗ್ರಿಯ ಚಾವಣಿಯವರೆಗೆ ಸಲ್ಲುತ್ತವೆ. ಒಂದು ಹೀಟರಿನ ನೇರ ಮೇಲೆ 70 ದಾಟಿತು. ಅಲ್ಲಿಗೆ ನೀಲಿ ಬಲ್ಬ್ ತರುವ ಬದಲು ಹೀಟರನ್ನೇ ಸರಿಸಿದೆ, ಏಕೆಂದರೆ ರೇಟಿಂಗ್ ಏರಿಸಿದಷ್ಟೂ ಹೆಡ್ ತೆರೆಯುವುದು ತಡವಾಗುತ್ತದೆ. ತೂಗುದೀಪಗಳನ್ನು ಹೆಡ್‌ಗಳಿಂದ 1.2 ಮೀಟರ್ ಆಚೆಗೆ ದೂಡಲು ಮಾಲೀಕರನ್ನು ಒಪ್ಪಿಸುವುದು ಇದಕ್ಕಿಂತ ಕಷ್ಟವಾಯಿತು.

ಪರಿಶೀಲಕರು ಕೊನೆಗೆ ತಟ್ಟೆಗಳ ಲೆಕ್ಕವನ್ನೂ ಉಷ್ಣತೆಯ ಪಟ್ಟಿಯನ್ನೂ ಕೇಳಿ ಪಡೆದು ಒಪ್ಪಿಗೆ ಕೊಟ್ಟರು. ಮೊದಲು ಅನುಮಾನಿಸಿದ್ದ ಸಲಹೆಗಾರರೊಬ್ಬರು ಈಗ ಇದೇ ವಿಧಾನವನ್ನು ತಮ್ಮ ನಕ್ಷೆಗಳಲ್ಲಿ ಬರೆಯುತ್ತಿದ್ದಾರೆ. ಬೇರೆಬೇರೆ ಉದ್ದದ ಡ್ರೈ ಹೆಡ್‌ಗಳಿದ್ದಾಗ, ವ್ಯವಸ್ಥೆಯನ್ನು ಮತ್ತೆ ಚಾಲೂ ಮಾಡುವ ಏರ್ಪಾಡಿದ್ದರೆ, ಬಿಡಿ ಹೆಡ್ ಇಟ್ಟುಕೊಳ್ಳಬೇಕೆಂದು ನಿಯಮ ಕೇಳುವುದಿಲ್ಲ. ಆದರೂ ಪ್ರತಿ ಉದ್ದಕ್ಕೆ ಒಂದನ್ನು ಮೊದಲ ಆರ್ಡರಿನಲ್ಲೇ ಸೇರಿಸಿ ತರಿಸಿ, ವಾಲ್ವಿನ ಪಕ್ಕದ ಪೆಟ್ಟಿಗೆಯಲ್ಲಿ ಉದ್ದದ ಚೀಟಿಯೊಂದಿಗೆ ಇಡಿಸಿದ್ದೇನೆ. ಒಂದು ಹೆಡ್‌ಗಾಗಿ ವಾರಗಟ್ಟಲೆ ಆ ಜಾಗವನ್ನು ಮುಚ್ಚಿ ಕೂರುವ ನಷ್ಟದ ಮುಂದೆ ಅದರ ಬೆಲೆ ಏನೇನೂ ಅಲ್ಲ.