ಮುಚ್ಚಿಹೋದ ಏರ್‌ಸ್ಟ್ರಿಪ್ ಹುಡುಕಿ ದಾಖಲಿಸುವ ಬಗೆ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ಕನ್ನಡದವರಿಗೆ ಪೆಸಿಫಿಕ್ ಕಾಮನ್ಸ್ ಅನ್ನುವ ಅಂಗಡಿ ಸಂಕೀರ್ಣ ಅಂದರೆ ಅಲ್ಲಿನ ಕಾಸ್ಟ್ಕೊ ಅಂಗಡಿ. ನಾನೂ ಆರು ವರ್ಷ ಅಲ್ಲಿಂದ ಹಾಲು, ಎಣ್ಣೆ ಹೊತ್ತು ತಂದವನೇ. 1980ರ ದಶಕದ ಕೊನೆಯವರೆಗೂ ಅಲ್ಲಿ ಸ್ಕೈ ಸೇಲಿಂಗ್ ಅನ್ನುವ ಖಾಸಗಿ ಏರ್‌ಸ್ಟ್ರಿಪ್ (ಚಿಕ್ಕ ವಿಮಾನಗಳು ಏಳುವ, ಇಳಿಯುವ ಜಾಗ) ಇತ್ತು, ಎಂಜಿನ್ ಇಲ್ಲದ ಗ್ಲೈಡರ್‌ಗಳು ಅಲ್ಲಿಂದ ಏಳುತ್ತಿದ್ದವು ಅಂತ ಗೊತ್ತಾದದ್ದು ಆಮೇಲೆ. ಬೆಂಗಳೂರಿನ ಜಕ್ಕೂರು ಏರೋಡ್ರೋಮ್‌ನ ಬೇಲಿಗೆ ಅಂಟಿ ನಿಂತು ವಿಮಾನ ನೋಡುತ್ತ ಬೆಳೆದ ನನಗೆ ಸುಮ್ಮನಿರಲು ಆಗಲಿಲ್ಲ. ಅಮೆರಿಕದಲ್ಲಿ ನೀವಿರುವ ಊರಲ್ಲೂ ಇಂಥದ್ದೊಂದು ಇದ್ದಿರಬಹುದು.

ಈಗಿನ ಪೈಲಟ್‌ಗಳ ಸೆಕ್ಷನಲ್ ನಕ್ಷೆಯಲ್ಲಿ ಹುಡುಕಿ ಹೊತ್ತು ಕಳೆಯಬೇಡಿ. ಮುಚ್ಚಿದ ರನ್‌ವೇಗೆ ಡಾಂಬರೋ ಕಾಂಕ್ರೀಟೋ ಇದ್ದು, ಉದ್ದ 3,000 ಅಡಿ ಮುಟ್ಟಿ, ಮೇಲಿನಿಂದ ಗುರುತು ಸಿಗುವಂತಿದ್ದರೆ ಮಾತ್ರ ಅದನ್ನು ಅದರಲ್ಲಿ ಉಳಿಸುತ್ತಾರೆ. ಚಿಕ್ಕವು ಅಳಿಸಿಹೋಗುತ್ತವೆ. ನಿಮಗೆ ಬೇಕಾದದ್ದು ಯುಎಸ್‌ಜಿಎಸ್‌ನ (ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ) ಹಳೆಯ 1:24,000 ಅಳತೆಯ ನಕ್ಷೆಗಳು. ಟೋಪೋವ್ಯೂ ತಾಣದಲ್ಲಿ ದುಡ್ಡಿಲ್ಲದೆ ಸಿಗುತ್ತವೆ. ಅಕ್ಕಪಕ್ಕದ ಹಾಳೆಗಳನ್ನೂ ಇಳಿಸಿಕೊಳ್ಳಿ. ನನ್ನ ಜಾಗ ನೈಲ್ಸ್ ಮತ್ತು ಮಿಲ್‌ಪಿಟಾಸ್ ಹಾಳೆಗಳು ಕೂಡುವ ಅಂಚಿನಲ್ಲೇ ಬರುತ್ತದೆ, ಒಂದನ್ನೇ ನೋಡಿದ್ದರೆ ಅರ್ಧ ಕೈತಪ್ಪುತ್ತಿತ್ತು. ರಸ್ತೆಯ ಹಳೆಯ ಹೆಸರೂ ತಿಳಿದಿರಲಿ: ಈಗಿನ ಆಟೋ ಮಾಲ್ ಪಾರ್ಕ್‌ವೇ ಆಗ ಡರಮ್ ರೋಡ್.

ಆಮೇಲೆ ವಿಮಾನದಿಂದ ತೆಗೆದ ಚಿತ್ರಗಳು. ಯುಎಸ್‌ಜಿಎಸ್‌ನ ಅರ್ಥ್‌ಎಕ್ಸ್‌ಪ್ಲೋರರ್‌ನಲ್ಲಿ ನೋಡಿ. ಕ್ಯಾಲಿಫೋರ್ನಿಯಾದವರಿಗೆ ಸಾಂಟಾ ಬಾರ್ಬರಾ ವಿಶ್ವವಿದ್ಯಾಲಯದ ಗ್ರಂಥಾಲಯದ ಸಂಗ್ರಹ ದೊಡ್ಡ ವರ. ಇಲ್ಲಿ ಹುಷಾರಾಗಿರಬೇಕು. ನಾನು ನೇರವಾದ ಕಪ್ಪು ಪಟ್ಟಿಯೊಂದನ್ನು ಕಂಡು ರನ್‌ವೇ ಸಿಕ್ಕಿತು ಅಂತ ಗೆರೆ ಎಳೆದೆ. ಅದು ಪಕ್ಕದ ಬೇಲ್ಯಾಂಡ್ಸ್ ಕಾರ್ ರೇಸಿನ ಟ್ರ್ಯಾಕ್. ರೇಸ್ ಟ್ರ್ಯಾಕಿನ ಬದಿಯಲ್ಲಿ ಜನ ಕೂರುವ ಮೆಟ್ಟಿಲುಗಳಿರುತ್ತವೆ, ರನ್‌ವೇ ಬದಿ ಬೋಳು. ದೊಡ್ಡದು ಮಾಡಿ ನೋಡಿದರೆ ರನ್‌ವೇ ತುದಿಯಲ್ಲಿ ಸಂಖ್ಯೆ ಕಾಣಬಹುದು. ಅದನ್ನು ಹತ್ತರಿಂದ ಗುಣಿಸಿದರೆ ದಿಕ್ಸೂಚಿಯ ಡಿಗ್ರಿ. ದೊಡ್ಡ ಹಳದಿ ಎಕ್ಸ್ ಕಂಡರೆ ಆ ಹೊತ್ತಿಗೆ ಮುಚ್ಚಿಯಾಗಿತ್ತು ಅಂತ ಅರ್ಥ.

ಜಮೀನು ಯಾರದಿತ್ತು ಅನ್ನುವುದು ಜಮೀನಿನ ಪತ್ರಗಳನ್ನು ದಾಖಲಿಸುವ ಕೌಂಟಿ ರೆಕಾರ್ಡರ್ ಕಚೇರಿಯಲ್ಲಿ ಸಿಗುತ್ತದೆ.

ಇಷ್ಟೆಲ್ಲ ಕಾಗದ ಆದಮೇಲೆ ಅಲ್ಲಿ ಹಾರಿದವರನ್ನು ಹುಡುಕಿ. ಇದನ್ನು ಮಾತ್ರ ಮುಂದೂಡಬೇಡಿ, ಅವರಿಗೆಲ್ಲ ವಯಸ್ಸಾಗಿದೆ. ಹತ್ತಿರದ ಗ್ಲೈಡರ್ ಕ್ಲಬ್, ಹಿರಿಯರ ಕೇಂದ್ರ, ಊರಿನ ಗ್ರಂಥಾಲಯದ ಸ್ಥಳೀಯ ಇತಿಹಾಸ ವಿಭಾಗ, ಮೂರು ಕಡೆಯೂ ಕೇಳಿ. ಹೋಗುವಾಗ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಹೋಗಿ. ಫೋನಿನ ಪರದೆ ಅವರ ಕಣ್ಣಿಗೆ ಸಾಲದು. ನನ್ನ ಟ್ರ್ಯಾಕಿನ ತಪ್ಪನ್ನು ತಿದ್ದಿದವರು ಎಂಬತ್ತೊಂದರ ಒಬ್ಬ ಹಿರಿಯರು. ಪ್ರಿಂಟ್ ಮೇಲೆ ಬೆರಳಿಟ್ಟು, ಕೊಲ್ಲಿಯ ಗಾಳಿ ಬಂದು ಮಿಷನ್ ಪೀಕ್‌ನ ಇಳಿಜಾರಿಗೆ ಬಡಿದು ಮೇಲೇಳುವ ಜಾಗ ತೋರಿಸಿದರು. ಆ ಗಾಳಿ ಹಿಡಿದರೆ ಗುಡ್ಡದ ಸಾಲಿನುದ್ದಕ್ಕೂ ತೇಲಬಹುದಿತ್ತಂತೆ. ನಾವು ಏದುಸಿರು ಬಿಟ್ಟು ಹತ್ತುವ ಅದೇ ಗುಡ್ಡ!

ಲಾಗ್‌ಬುಕ್, ಅಂದರೆ ಪೈಲಟ್ ತನ್ನ ಹಾರಾಟಗಳನ್ನು ಬರೆದಿಡುವ ಪುಸ್ತಕ, ಇದೆಯೇ ಅಂತ ತಪ್ಪದೆ ಕೇಳಿ. ತಾರೀಕು, ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತು ಎಲ್ಲ ಅದರಲ್ಲಿರುತ್ತದೆ. ಅಲ್ಲಿಂದ ಕೊನೆಯ ಹಾರಾಟದ ಸಾಲು ಏರ್‌ಸ್ಟ್ರಿಪ್ ಕನಿಷ್ಠ ಯಾವಾಗಿನವರೆಗೆ ನಡೆಯುತ್ತಿತ್ತು ಅನ್ನುವುದಕ್ಕೆ ಗಟ್ಟಿ ಸಾಕ್ಷಿ. ಪುಸ್ತಕ ಮನೆಗೆ ಒಯ್ಯಬೇಡಿ, ಅವರ ಮೇಜಿನ ಮೇಲೇ ಕಿಟಕಿ ಬೆಳಕಿನಲ್ಲಿ ಪುಟಪುಟವನ್ನೂ ಫೋಟೋ ತೆಗೆಯಿರಿ, ಖಾಲಿ ಅಂಚುಗಳ ಸಮೇತ. ಈ ಹಿರಿಯರ ಪುಸ್ತಕದ ಹಿಂದಿನ ರಟ್ಟಿಗೆ ಕೆಂಪು ಉಲ್ಲನ್ ದಾರದ ತುಂಡೊಂದನ್ನು ಟೇಪಿನಿಂದ ಅಂಟಿಸಿದ್ದರು. ಟೇಪು ಹಳದಿಗಟ್ಟಿತ್ತು, ದಾರದ ಒಂದು ತುದಿ ಬಿಚ್ಚಿ ಕುಚ್ಚಾಗಿತ್ತು. ಗ್ಲೈಡರಿನ ಗಾಜಿನ ಮೇಲೆ, ಪೈಲಟ್‌ನ ಕಣ್ಣೆದುರಿಗೆ ಹೀಗೊಂದು ದಾರ ಅಂಟಿಸುತ್ತಾರೆ. ಅದು ನೆಟ್ಟಗೆ ಹಿಂದಕ್ಕೆ ಹಾರುತ್ತಿದ್ದರೆ ಗ್ಲೈಡರ್ ನೆಟ್ಟಗೆ ಹೋಗುತ್ತಿದೆ, ವಾಲಿದರೆ ಅಡ್ಡ ಜಾರುತ್ತಿದೆ ಅಂತ. ಅವರು ತಮ್ಮ ಕೊನೆಯ ದಿನ ಅದನ್ನು ಬಿಚ್ಚಿ ತಂದಿದ್ದರು.

ಇಂಥ ವಸ್ತು ಸಿಕ್ಕರೆ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ, ಯಾರು ಯಾವತ್ತು ತೋರಿಸಿದರು ಅಂತ ಬರೆದಿಡಿ. ಎಲ್ಲದರ ಒಂದು ಪ್ರತಿ ಗ್ರಂಥಾಲಯಕ್ಕೆ, ಒಂದು ಪ್ರತಿ ಆ ಹಿರಿಯರ ಮಕ್ಕಳಿಗೆ ಕೊಡಿ.