ಹಸಿರು ಬೆಳಕಿನ ಅಡಿಯ ಪದರ: ನನ್ನ ಅನುಭವ

ಪೆರೋವ್‌ಸ್ಕೈಟ್ ಎಂಬ ಬಗೆಯ ಹರಳಿನಿಂದ ಬೆಳಗುವ ಎಲ್‌ಇಡಿ ಎಂದೊಡನೆ ಎಲ್ಲರೂ ವಿಚಾರಿಸುವುದು ಬೆಳಗುವ ಹರಳಿನ ಬಗ್ಗೆ. ನನಗೆ ಮುಖ್ಯವೆನಿಸುವುದು ಅದರ ಅಡಿಯಲ್ಲಿರುವ, 20ರಿಂದ 40 ನ್ಯಾನೋಮೀಟರ್ ದಪ್ಪದ ಪಾಲಿಮರ್ ಪದರ. ಐಟಿಒ (ವಿದ್ಯುತ್ ಹರಿಸುವ ಪಾರದರ್ಶಕ ಲೇಪ) ಇರುವ ಗಾಜಿನಿಂದ ಹೋಲ್‌ಗಳನ್ನು, ಅಂದರೆ ಎಲೆಕ್ಟ್ರಾನ್ ಇಲ್ಲದ ಧನಾತ್ಮಕ ತೆರವುಗಳನ್ನು, ಹರಳಿಗೆ ಮುಟ್ಟಿಸುವುದು ಅದರ ಕೆಲಸ. ಹರಳು ಬೆಳೆಯುವುದೂ ಅದರ ಮೇಲೆಯೇ.

2014ರಲ್ಲಿ ಕೇಂಬ್ರಿಡ್ಜ್‌ನ ತಂಡ ಕೋಣೆಯ ಉಷ್ಣತೆಯಲ್ಲಿ ಬೆಳಗಿಸಿದ ಹಸಿರು ಸಾಧನದಲ್ಲಿ ಈ ಜಾಗದಲ್ಲಿದ್ದುದು ಪೆಡಾಟ್-ಪಿಎಸ್‌ಎಸ್ ಎಂಬ, ವಿದ್ಯುತ್ ಹರಿಸುವ ಪಾಲಿಮರ್. ಅದರ ದಕ್ಷತೆ ಶೇ. 0.1ರಷ್ಟು. 2018ರ ಹೊತ್ತಿಗೆ ಪೆರೋವ್‌ಸ್ಕೈಟ್ ಎಲ್‌ಇಡಿಗಳು ಶೇ. 20 ದಾಟಿದವು. ಪೆಡಾಟ್ ನೀರಿನಲ್ಲಿ ಕರಗುತ್ತದೆ, ಸಲೀಸಾಗಿ ಹರಡುತ್ತದೆ. ಆದರೆ ಆಮ್ಲೀಯವಾದ್ದರಿಂದ ಐಟಿಒವನ್ನು ಕೊರೆಯುತ್ತದೆ, ತನಗೆ ತಾಗಿದ ಹರಳಿನ ಬೆಳಕನ್ನೂ ನುಂಗುತ್ತದೆ. ಜೊತೆಗೆ ಹೋಲ್‌ಗಳು ಸಾಗುವ ಅದರ ಶಕ್ತಿಮಟ್ಟ ಸುಮಾರು 5.1 ಇಲೆಕ್ಟ್ರಾನ್‌ವೋಲ್ಟ್, ಹಸಿರು ಬೆಳಗುವ ಹರಳಾದ ಸೀಸಿಯಂ ಲೆಡ್ ಬ್ರೋಮೈಡ್‌ನದು 5.8ಕ್ಕಿಂತಲೂ ಆಳ. ಹೋಲ್‌ಗಳು ಆ ಅಂತರದಲ್ಲೇ ತಡೆದು ನಿಲ್ಲುತ್ತವೆ.

ಪೆಡಾಟ್ ಬದಲಿಗೆ ಬಳಸುವ ಪಾಲಿಮರ್‌ಗಳಲ್ಲಿ ಪಾಲಿ-ಟಿಪಿಡಿಯ ಮಟ್ಟ 5.4ರ ಆಸುಪಾಸಿನಲ್ಲಿದೆ, ಪಿವಿಕೆಯದು 5.8ರ ಹತ್ತಿರ. ಈ ಮಟ್ಟಗಳ ಪಟ್ಟಿಯನ್ನಷ್ಟೇ ನೋಡಿದರೆ ಪಿವಿಕೆಯೇ ಸರಿ. ಆದರೆ ಅದರಲ್ಲಿ ಹೋಲ್‌ಗಳು ತೀರಾ ನಿಧಾನ. ಟಿಎಫ್‌ಬಿ ಎಂಬ ಇನ್ನೊಂದು ಪಾಲಿಮರ್‌ನಲ್ಲಿ ಅದಕ್ಕಿಂತ ಸಾವಿರ ಪಟ್ಟು ಮಿಗಿಲಾದ ವೇಗ. ಹಾಗಾಗಿ ನಾನು ಕೆಳಗೆ ಟಿಎಫ್‌ಬಿ, ಮೇಲೆ ತೆಳುವಾಗಿ ಪಿವಿಕೆ ಇಡುತ್ತೇನೆ. ಎರಡನ್ನೂ ಕ್ಲೋರೋಬೆಂಜೀನ್‌ನಲ್ಲೇ ಕರಗಿಸಿದರೆ ಮೇಲಿನದು ಕೆಳಗಿನದನ್ನು ತೊಳೆದುಬಿಡುತ್ತದೆ. ಆದ್ದರಿಂದ ಟಿಎಫ್‌ಬಿಯನ್ನು ಹಾಟ್‌ಪ್ಲೇಟ್ ಮೇಲೆ ಚೆನ್ನಾಗಿ ಕಾಯಿಸಿ, ಪಿವಿಕೆಯನ್ನು ಡಯಾಕ್ಸೇನ್‌ನಲ್ಲಿ ಕರಗಿಸಿ ಹಾಕುತ್ತೇನೆ. ಮೊದಲು ಟಿಎಫ್‌ಬಿ ಮಾತ್ರ ಬಳಿದ ಒಂದು ಗಾಜಿನ ಮೇಲೆ ಬರಿಯ ಡಯಾಕ್ಸೇನ್ ಸುರಿದು ತಿರುಗಿಸಿ, 390 ನ್ಯಾನೋಮೀಟರ್ ಬಳಿಯ ಹೀರಿಕೆ ಕುಗ್ಗಿದೆಯೇ ಎಂದು ಅಳೆಯುತ್ತೇನೆ. ಕುಗ್ಗದಿದ್ದರೆ ಟಿಎಫ್‌ಬಿ ಅಲ್ಲೇ ಉಳಿದಿದೆ ಎಂದರ್ಥ.

ನಿಜವಾದ ಪರೀಕ್ಷೆ ಶುರುವಾಗುವುದು ಪೆರೋವ್‌ಸ್ಕೈಟ್ ದ್ರಾವಣ ಬಿದ್ದಾಗ. ಈ ಪಾಲಿಮರ್‌ಗಳೆಲ್ಲ ಜಿಡ್ಡಿನ ಮೈಯವು. ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಮಾಡಿದ ಆ ದ್ರಾವಣದ ಹನಿ ಪಾಲಿ-ಟಿಪಿಡಿಯ ಮೇಲೆ ಕೆಸುವಿನೆಲೆಯ ನೀರಿನಂತೆ ಉಂಡೆಗಟ್ಟುತ್ತದೆ. ಗಾಜನ್ನು ತಿರುಗಿಸಿ ಲೇಪಿಸುವ ಸ್ಪಿನ್ ಕೋಟರ್ ತಿರುಗಿದೊಡನೆ ಅಂಚಿಗೆ ಸರಿದು ನಡುವೆ ಬೋಳು ಉಳಿಸುತ್ತದೆ. ಕೆಲವು ಸೆಕೆಂಡುಗಳ ಆಮ್ಲಜನಕ ಪ್ಲಾಸ್ಮಾ ಇದನ್ನು ಸರಿಪಡಿಸುತ್ತದೆ, ಆದರೆ ತುಸು ಹೆಚ್ಚಾದರೂ ಪಾಲಿಮರ್‌ನ ಮೇಲ್ಮೈ ಉತ್ಕರ್ಷಿತವಾಗಿ ಬೆಳಕನ್ನು ಕುಂದಿಸುತ್ತದೆ. ನನ್ನ ಒಲವು ಆಲ್ಕೋಹಾಲ್‌ನಲ್ಲಿ ಕರಗಿಸಿದ ಪಾಲಿವಿನೈಲ್ ಪಿರೋಲಿಡೋನ್‌ನ ಅತಿ ತೆಳು ಲೇಪದ ಕಡೆಗೆ. ಅದು ಹನಿಯನ್ನು ಹರಡುವಂತೆ ಮಾಡುತ್ತದೆ; ಅದರ ಆಮ್ಲಜನಕದ ಪರಮಾಣುಗಳು ಹರಳಿನ ಅಂಚಿನ ಸೀಸದ ಜೊತೆ ಬೆಸೆದು ಹರಳಿನ ದೋಷಗಳನ್ನೂ ಮುಚ್ಚುತ್ತವೆ.

ಲೋಹದ ಪದರ ಹಾಕುವ ಮುನ್ನ ಗಾಳಿ-ತೇವ ತಾಗದ ಗ್ಲವ್ ಬಾಕ್ಸ್‌ನಲ್ಲೇ 365 ನ್ಯಾನೋಮೀಟರ್ ಅತಿನೇರಳೆ ದೀಪ ಹಿಡಿದು ನೋಡುತ್ತೇನೆ. ಪೆಡಾಟ್ ಮೇಲಿನ ಚೂರು ಮಂಕು ಹಸಿರು, ಪಿವಿಕೆ ಮೇಲಿನದು ಕಣ್ಣು ಕುಕ್ಕುವಂಥದ್ದು. ಎಲ್ಲೆಲ್ಲಿ ಕಪ್ಪು ಚುಕ್ಕೆಯಿದೆಯೋ ಅಲ್ಲೆಲ್ಲ ವಿದ್ಯುತ್ ಸೋರುವ ಸಾಧ್ಯತೆಯಿದೆ. ಈ ದೀಪವನ್ನು ನಾನು ಶಕ್ತಿಮಟ್ಟಗಳ ಯಾವ ಪಟ್ಟಿಗಿಂತಲೂ ಹೆಚ್ಚು ನಂಬುತ್ತೇನೆ. ಆದರೂ ಪ್ರಕಾಶ ಚೆನ್ನಾಗಿದ್ದ ಮಾತ್ರಕ್ಕೆ ವಿದ್ಯುತ್ ಸರಿಯಾಗಿ ಹರಿಯುತ್ತದೆ ಎಂದೇನಿಲ್ಲ. ಅದಕ್ಕಾಗಿ ಮೇಲೆ ಮಾಲಿಬ್ಡಿನಮ್ ಆಕ್ಸೈಡ್ ಮತ್ತು ಚಿನ್ನ ಹಾಕಿ, ಹೋಲ್‌ಗಳು ಮಾತ್ರ ಹರಿಯುವ ಸಾಧನವನ್ನು ಪಕ್ಕದಲ್ಲೇ ಮಾಡಿ, ಎಲೆಕ್ಟ್ರಾನ್‌ಗಳು ಮಾತ್ರ ಹರಿಯುವುದರ ಜೊತೆ ಹೋಲಿಸುತ್ತೇನೆ. ಹೋಲ್‌ಗಳ ಪ್ರವಾಹ ಕಡಿಮೆಯಿದ್ದರೆ ಪಿವಿಕೆಯನ್ನು ಇನ್ನಷ್ಟು ತೆಳುಮಾಡುತ್ತೇನೆ.

ಹೊಸದಾಗಿ ತೊಡಗುವವರು ಪಾಲಿಮರ್ ತರಿಸುವಾಗ ಅಣುತೂಕವನ್ನು ಕೇಳಿ ಬರೆದಿಟ್ಟುಕೊಳ್ಳಿ. ಅಷ್ಟೇ ಮಿಲಿಗ್ರಾಂ, ಅಷ್ಟೇ ವೇಗ ಇದ್ದರೂ ಅಣುತೂಕ ಬದಲಾದರೆ ದ್ರಾವಣದ ಸ್ನಿಗ್ಧತೆ ಬದಲಾಗುತ್ತದೆ, ಪದರದ ದಪ್ಪವೂ ಬದಲಾಗುತ್ತದೆ. ಪ್ರತಿ ಹೊಸ ಬಾಟಲಿಗೂ ದಪ್ಪವನ್ನು ಮತ್ತೆ ಅಳೆಯಬೇಕು.